ದೋಷಸಂಕೇತವು ಸಾಕ್ಷಿಯೇ ಹೊರತು ತೀರ್ಪಲ್ಲ

ಬಲಸಮುದ್ರದ ಕಡೆಯ ರೈತನೊಬ್ಬನ ಕೊಳವೆಬಾವಿಯಲ್ಲಿ ನೀರು ಬರುವುದು ನಿಂತಿತೆಂದು ಇಟ್ಟುಕೊಳ್ಳೋಣ. ಆತನು ಒಡನೆಯೇ ಮೋಟಾರನ್ನು ಮೇಲಕ್ಕೆತ್ತಿಸುವುದಿಲ್ಲ. ನೂರಾರು ಅಡಿ ಪೈಪನ್ನು ಎಳೆಯಿಸುವುದಕ್ಕೆ ತಗಲುವ ಖರ್ಚು ಅವನಿಗೆ ಚೆನ್ನಾಗಿ ಗೊತ್ತು. ಮೊದಲು ಫ್ಯೂಸು, ಬಳಿಕ ಸ್ಟಾರ್ಟರು, ಮೂರು ಫೇಸುಗಳೂ ಬರುತ್ತಿವೆಯೇ ಎಂಬ ಪರೀಕ್ಷೆ, ಆಮೇಲೆ ಕೇಬಲಿನ ಜೋಡಣೆ. ಇವೆಲ್ಲ ಸರಿಯಾಗಿದ್ದರೆ ಮಾತ್ರ ಮೋಟಾರಿನ ಮೇಲೆ ಸಂಶಯ. ಈ ವಿವೇಕವು ಲಕ್ಷಗಟ್ಟಲೆ, ಕೋಟಿಗಟ್ಟಲೆ ಬೆಲೆಬಾಳುವ ಸ್ಪೋರ್ಟ್ಸ್ ಕಾರುಗಳ ದುರಸ್ತಿಯಲ್ಲಿ ಅನೇಕ ವೇಳೆ ಕಾಣದೆ ಹೋಗುತ್ತಿರುವುದು ವಿಚಿತ್ರವಾಗಿದೆ. ಅಲ್ಲಿ ಗಣಕವು ಒಂದು ಸಂಖ್ಯೆಯನ್ನು ತೋರಿಸಿತೆಂದರೆ ಸಾಕು, ನೇರವಾಗಿ ‘ಮೋಟಾರು ಎತ್ತಿಸುವ’ ಕೆಲಸವೇ ಆರಂಭವಾಗುತ್ತದೆ.

ಇಂದಿನ ಅನೇಕ ಸ್ಪೋರ್ಟ್ಸ್ ಕಾರುಗಳ ಸಸ್ಪೆನ್ಷನ್ನು ವಿದ್ಯುತ್ತಿನ ಅಂಕೆಯಲ್ಲಿರತಕ್ಕದ್ದು. ಇವುಗಳ ಒಂದು ಬಗೆಯಲ್ಲಿ ಶಾಕ್ ಅಬ್ಸಾರ್ಬರಿನೊಳಗಣ ಎಣ್ಣೆಯಲ್ಲಿ ಕಬ್ಬಿಣದ ಅತಿ ಸೂಕ್ಷ್ಮ ಕಣಗಳು ತೇಲುತ್ತಿರುತ್ತವೆ. ಸುರುಳಿಯಲ್ಲಿ ಪ್ರವಾಹ ಹರಿದು ಕಾಂತಕ್ಷೇತ್ರ ಉಂಟಾದೊಡನೆ ಆ ಕಣಗಳು ಸರಪಳಿಗಟ್ಟಿ ನಿಲ್ಲುತ್ತವೆ. ದ್ರವವು ಕೆಲವೇ ಮಿಲಿಸೆಕೆಂಡುಗಳಲ್ಲಿ ಗಟ್ಟಿಯಾದಂತೆ ವರ್ತಿಸುತ್ತದೆ. ಇಂತಹ ದ್ರವವನ್ನು 1940ರ ದಶಕದಲ್ಲಿ ಅಮೆರಿಕದ ಜೇಕಬ್ ರಾಬಿನೋ ರೂಪಿಸಿದರು. ಅದು ಕಾರಿನ ಚಕ್ರದ ಬಳಿಗೆ ಬಂದುದು 2002ರಲ್ಲಿ, ಕ್ಯಾಡಿಲಾಕ್ ಸೆವಿಲ್ ಕಾರಿನಲ್ಲಿ. ಮರು ವರ್ಷದ ಮಾದರಿಯ ಕಾರ್ವೆಟ್ಟಿನಲ್ಲಿಯೂ, ಮುಂದೆ ಆಡಿ ಆರ್-8ರಲ್ಲಿಯೂ ಅದನ್ನು ಅಳವಡಿಸಿದರು.

ಈ ಏರ್ಪಾಡಿನಲ್ಲಿ ದೋಷಸಂಕೇತ ಹುಟ್ಟುವ ಬಗೆಯನ್ನು ಗಮನಿಸಬೇಕು. ನಿಯಂತ್ರಕವು ಸುರುಳಿಗೆ ಇಷ್ಟು ಪ್ರವಾಹ ಹರಿಯಲೆಂದು ಅಪ್ಪಣೆ ಕೊಡುತ್ತದೆ. ನಿಜವಾಗಿ ಹರಿದುದೆಷ್ಟೆಂದು ಅಳೆಯುತ್ತದೆ. ಎರಡಕ್ಕೂ ತಾಳೆಯಾಗದಿದ್ದರೆ ಸಂಕೇತವೊಂದನ್ನು ಬರೆದಿಟ್ಟು ಎಚ್ಚರಿಕೆಯ ದೀಪವನ್ನು ಹೊತ್ತಿಸುತ್ತದೆ. ಅದರ ಹೇಳಿಕೆ ಇಷ್ಟೇ: “ಎಡ ಮುಂಚಕ್ರದ ವಿದ್ಯುನ್ಮಂಡಲದಲ್ಲಿ ನಾನು ಕೇಳಿದಷ್ಟು ಪ್ರವಾಹ ಹರಿಯಲಿಲ್ಲ.” ಏಕೆ ಹರಿಯಲಿಲ್ಲವೆಂಬುದು ಅದಕ್ಕೆ ತಿಳಿಯದು. ಸುರುಳಿ ಕಡಿದಿರಬಹುದು, ಚಕ್ರದೊಡನೆ ಸದಾ ಬಾಗುತ್ತಿರುವ ತಂತಿ ಒಳಗೇ ಮುರಿದಿರಬಹುದು, ಜೋಡಣೆಯಲ್ಲಿ ನೀರು ಸೇರಿ ಕಿಲುಬು ಹಿಡಿದಿರಬಹುದು. ಈ ಪೈಕಿ ಮೊದಲನೆಯದಕ್ಕೆ ಮಾತ್ರ ಹೊಸ ಶಾಕ್ ಅಬ್ಸಾರ್ಬರು ಮದ್ದು.

ನಾಲ್ಕು ಚಕ್ರಗಳ ಸಂಕೇತಗಳೂ ಒಟ್ಟಿಗೆ ಬಂದರೆ? ನಾಲ್ಕು ಭಾಗಗಳು ಒಂದೇ ಗಳಿಗೆಯಲ್ಲಿ ಕೆಡುವುದು ತೀರ ಅಪರೂಪ. ನಾಲ್ಕಕ್ಕೂ ಸಮಾನವಾದ ಫ್ಯೂಸು, ಭೂಸಂಪರ್ಕ, ಬ್ಯಾಟರಿ ಇವನ್ನೇ ಮೊದಲು ನೋಡತಕ್ಕದ್ದು. ವಾರಗಟ್ಟಲೆ ಶೆಡ್ಡಿನಲ್ಲಿ ಸುಮ್ಮನೆ ನಿಲ್ಲುವುದು ಸ್ಪೋರ್ಟ್ಸ್ ಕಾರುಗಳ ಜಾತಕದಲ್ಲಿಯೇ ಇದೆ. ಬ್ಯಾಟರಿ ಬಡವಾದಾಗ ನಿಯಂತ್ರಕವು ಇಲ್ಲದ ದೋಷವನ್ನೂ ದೂರುವುದುಂಟು.

ಇನ್ನು ಅಳೆಯುವ ಕ್ರಮ. ಒಂದು ಜೋಡಣೆಯಲ್ಲಿ ಕಿಲುಬಿನಿಂದ ಅರ್ಧ ಓಮ್ ರೋಧ ಸೇರಿದೆಯೆನ್ನಿ. ಸಾಮಾನ್ಯ ಮೀಟರಿನ ತಂತಿಗಳ ರೋಧವೇ ಓಮಿನ ಕೆಲವು ದಶಾಂಶಗಳಷ್ಟಿರುವುದರಿಂದ ಇದು ಕಣ್ಣಿಗೆ ಬೀಳದೆ ತಪ್ಪಿಸಿಕೊಳ್ಳಬಹುದು. ಆದರೆ ಅದೇ ಜೋಡಣೆಯ ಮೂಲಕ 4 ಆಂಪಿಯರು ಹರಿಯುತ್ತಿರುವಾಗ ಅದರ ಎರಡು ತುದಿಗಳ ನಡುವೆ ವೋಲ್ಟುಮಾಪಕವನ್ನು ಇಟ್ಟರೆ 2 ವೋಲ್ಟು ಸ್ಪಷ್ಟವಾಗಿ ಕಾಣುತ್ತದೆ. ಓಮನ ನಿಯಮವೇ ಇದು, ಪಿ.ಯು.ಸಿ. ವಿದ್ಯಾರ್ಥಿಗೆ ಹೊಸತೇನೂ ಅಲ್ಲ. ಅಳೆಯುತ್ತಿರುವಾಗಲೇ ತಂತಿಯನ್ನು ಅಲುಗಿಸಿ ನೋಡಿದರೆ, ನಿಂತ ಕಾರಿನಲ್ಲಿ ಅಡಗಿಕೊಂಡು ಓಡುವ ಕಾರಿನಲ್ಲಿ ಮಾತ್ರ ತಲೆದೋರುವ ದೋಷವೂ ಸಿಕ್ಕಿಬೀಳುತ್ತದೆ. ಇಷ್ಟನ್ನೂ ಬಿಟ್ಟು ಕೆಲವರು ಮೊಟ್ಟಮೊದಲು ಸಂಕೇತವನ್ನೇ ಅಳಿಸಿಬಿಡುತ್ತಾರೆ. ದೋಷವು ಯಾವ ವೇಗದಲ್ಲಿ, ಎಷ್ಟು ವೋಲ್ಟಿನಲ್ಲಿ ಉಂಟಾಯಿತೆಂದು ಬರೆದಿಟ್ಟ ದಾಖಲೆಯೇನಾದರೂ ಇದ್ದರೆ ಅದೂ ಅದರೊಡನೆ ಅಳಿದುಹೋಗುತ್ತದೆ. ಕಳ್ಳನನ್ನು ಹಿಡಿಯಹೊರಟವರು ಹೆಜ್ಜೆಗುರುತನ್ನು ಗುಡಿಸಿಹಾಕಿದಂತಾಯಿತು.

ತಪ್ಪು ದುರಸ್ತಿಗಾರನದೊಂದೇ ಎನ್ನುವುದು ನ್ಯಾಯವಲ್ಲ. ಸಂಕೇತಗಳಲ್ಲಿ ‘ಪಿ’ ಅಕ್ಷರ ಎಂಜಿನ್ನಿಗೂ ಗೇರಿನ ವ್ಯವಸ್ಥೆಗೂ, ‘ಸಿ’ ಅಕ್ಷರ ಚಾಸಿಗೆ, ಅಂದರೆ ಬ್ರೇಕು, ಸ್ಟಿಯರಿಂಗು, ಸಸ್ಪೆನ್ಷನ್ನುಗಳಿಗೂ ಸಲ್ಲುತ್ತವೆ. ಹೊಗೆಯ ನಿಯಂತ್ರಣಕ್ಕಾಗಿ ಕಾನೂನು ಕಡ್ಡಾಯ ಮಾಡಿದ ಎಂಜಿನ್ ಸಂಕೇತಗಳನ್ನು ಅಗ್ಗದ ಸ್ಕ್ಯಾನರೂ ಓದಬಲ್ಲುದು. ಸಸ್ಪೆನ್ಷನ್ನಿನವು ಬಹುಮಟ್ಟಿಗೆ ಆಯಾ ತಯಾರಕರ ಸ್ವಂತ ಸಂಕೇತಗಳು. ಅವುಗಳ ಅರ್ಥ ಅವರ ಸಲಕರಣೆಗೇ ತಿಳಿಯಬೇಕು. 2014ರ ಆಗಸ್ಟಿನಲ್ಲಿ ಭಾರತದ ಸ್ಪರ್ಧಾ ಆಯೋಗವು 14 ಕಾರು ತಯಾರಕರಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ವಿಧಿಸಿತು. ಬಿಡಿಭಾಗಗಳೂ ದೋಷಪರೀಕ್ಷೆಯ ಸಲಕರಣೆಗಳೂ ಸ್ವತಂತ್ರ ದುರಸ್ತಿಗಾರರಿಗೆ ಮುಕ್ತವಾಗಿ ದೊರೆಯದಂತೆ ಅವರು ತಡೆದಿದ್ದರೆಂಬುದು ಆಪಾದನೆಗಳ ಮುಖ್ಯಾಂಶ. ಆ ಆದೇಶದ ಮೇಲೆ ಮೇಲ್ಮನವಿಗಳು ಹೋದುವು. ಆದರೆ ಕೊಂಡವನ ಕಾರು ತನ್ನ ಕಾಯಿಲೆಯನ್ನು ಕೊಂಡವನಿಗೇ ಹೇಳಬಾರದೆಂಬ ಧೋರಣೆ ನನಗಂತೂ ಒಪ್ಪಿಗೆಯಾಗದು.

ಅರ್ಥಗಳೆಲ್ಲ ನಾಳೆಯೇ ಬಯಲಾದರೂ ಯೋಚಿಸುವವರು ಬೇಕಷ್ಟೆ. ಮಧುಗಿರಿ, ಕೊರಟಗೆರೆ, ಪಾವಗಡಗಳ ಹುಡುಗರು ಐ.ಟಿ.ಐ., ಪಾಲಿಟೆಕ್ನಿಕ್ ಮುಗಿಸಿ ತುಮಕೂರು, ಬೆಂಗಳೂರುಗಳ ವರ್ಕ್‌ಷಾಪುಗಳಲ್ಲಿ ಇಂತಹ ಕಾರುಗಳ ಮುಂದೆ ನಿಲ್ಲುವ ಕಾಲವಿದು. ಕಾಲೇಜಿನ ಪ್ರಯೋಗಶಾಲೆಯಲ್ಲಿ ನಾವು ಅವರಿಗೆ ಕೊಡುವುದು ಸದಾ ಸರಿಯಾಗಿರುವ ಮಂಡಲವನ್ನು; ಉತ್ತರವೂ ಮೊದಲೇ ಗೊತ್ತಿರುತ್ತದೆ. ವರ್ಷಕ್ಕೆ ಒಂದೆರಡು ಬಾರಿಯಾದರೂ ಕೆಟ್ಟ ಮಂಡಲವೊಂದನ್ನು ಕೊಡಬೇಕೆಂದು ನನ್ನ ಸಲಹೆ. ಒಂದು ಬ್ಯಾಟರಿ, ಒಂದು ಸುರುಳಿ, ಐದಾರು ಜೋಡಣೆಗಳು. ಅವುಗಳಲ್ಲೊಂದಕ್ಕೆ ಕಾಣದಂತೆ ಸಣ್ಣ ರೋಧವೊಂದನ್ನು ಸೇರಿಸಿದರಾಯಿತು. ಯಾವ ಭಾಗವನ್ನೂ ಬದಲಾಯಿಸದೆ, ಮೀಟರೊಂದರಿಂದಲೇ ದೋಷದ ಸ್ಥಾನವನ್ನು ವಿದ್ಯಾರ್ಥಿ ತೋರಿಸಲಿ. ಅಂಕಗಳನ್ನು ಉತ್ತರಕ್ಕಿಂತ ಹೆಚ್ಚಾಗಿ ಅವನು ಪರೀಕ್ಷಿಸಿದ ಕ್ರಮಕ್ಕೆ ಕೊಡೋಣ.