ಬಾಲೂ ಹೆಸರಿಲ್ಲದ ಪಟ್ಟಿ ನಮಗೆ ಬೇಡ

ಕರ್ನಾಟಕದ ಸಾರ್ವಕಾಲಿಕ ಶ್ರೇಷ್ಠ ಸ್ಪಿನ್ನರ್‌ಗಳು ಯಾರೆಂದರೆ ಪ್ರಸನ್ನ, ಚಂದ್ರಶೇಖರ್, ಕುಂಬ್ಳೆ ಎಂದು ಹೇಳಿ ಮುಗಿಸುತ್ತಾರೆ. 1876ರಲ್ಲಿ ಧಾರವಾಡದಲ್ಲಿ ಹುಟ್ಟಿದ ಪಾಲ್ವಂಕರ್ ಬಾಲೂ ಹೆಸರೆತ್ತಿದರೆ ಯಲ್ದೂರಿನ ಟೀ ಅಂಗಡಿಯಿಂದ ಬೆಂಗಳೂರಿನ ಟೀವಿ ಸ್ಟುಡಿಯೋವರೆಗೂ ಒಂದೇ ಮಾತು: 'ಒಂದು ಟೆಸ್ಟೂ ಆಡಿಲ್ಲ, ಹೋಲಿಸೋದು ಹೇಗೆ?'

ಆಡೋದಕ್ಕೆ ಟೆಸ್ಟ್ ಎಲ್ಲಿತ್ತು ಸ್ವಾಮಿ? ಭಾರತ ಮೊದಲ ಟೆಸ್ಟ್ ಆಡಿದ್ದೇ 1932ರಲ್ಲಿ. ಆಗ ಬಾಲೂಗೆ 56 ವರ್ಷ. ಅವರಿಗೆ ಸಿಕ್ಕ ದೊಡ್ಡ ಅವಕಾಶ 1911ರ ಇಂಗ್ಲೆಂಡ್ ಪ್ರವಾಸ. ಸೋಲಿನ ಮೇಲೆ ಸೋಲುಂಡ ಆ ತಂಡದಲ್ಲಿ ಅವರೊಬ್ಬರೇ ತೆಗೆದದ್ದು 114 ವಿಕೆಟ್, ಸರಾಸರಿ 18.84. ಬ್ರಿಟಿಷರ ನೆಲದಲ್ಲಿ, ಬ್ರಿಟಿಷರ ಎದುರು 114! ಹೋಲಿಸಲು ಇನ್ನೇನು ಬೇಕು?

ಆ ವಿಕೆಟ್‌ಗಳ ಹಿಂದಿನ ಬದುಕನ್ನೂ ನೋಡಿ. ಪುಣೆಯಲ್ಲಿ ಪಿಚ್ ಗುಡಿಸಿ, ರೋಲರ್ ಎಳೆದು, ನೆಟ್ಸ್‌ನಲ್ಲಿ ಬ್ರಿಟಿಷ್ ಅಧಿಕಾರಿಗಳಿಗೆ ಚೆಂಡೆಸೆದು ಕಲಿತ ದಲಿತರು ಅವರು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನು ಮೇಲ್ಜಾತಿಯವರೂ ಮುಟ್ಟುತ್ತಿದ್ದರು. ಟೀ ಹೊತ್ತಾದರೆ ಮಾತ್ರ ಅವರಿಗೆ ಪೆವಿಲಿಯನ್ನಿನ ಹೊರಗೆ, ಮಣ್ಣಿನ ಕುಡಿಕೆಯಲ್ಲಿ ಟೀ. ಧರ್ಮವಾರು ತಂಡಗಳು ಆಡುತ್ತಿದ್ದ ಆ ಕಾಲದಲ್ಲಿ ಹಿಂದೂ ತಂಡಕ್ಕೆ ಅವರ ಎಡಗೈ ಸ್ಪಿನ್ ಬೇಕಿತ್ತು, ಕ್ಯಾಪ್ಟನ್ ಪಟ್ಟ ಮಾತ್ರ ಕೊಡಲೇ ಇಲ್ಲ. ಅದು ಆ ಮನೆಗೆ ಬಂದದ್ದು 1923ರಲ್ಲಿ, ತಮ್ಮ ವಿಠ್ಠಲ್ ಕಾಲಕ್ಕೆ.

ಅಮೆರಿಕವೂ ಹೀಗೇ ಮಾಡಿತ್ತು. ಬೇಸ್‌ಬಾಲ್‌ನ ಕ್ಯಾಚರ್ ಜೋಶ್ ಗಿಬ್ಸನ್‌ನನ್ನು ಕರಿಯನೆಂಬ ಕಾರಣಕ್ಕೆ ದೊಡ್ಡ ಲೀಗ್‌ಗೆ ಸೇರಿಸಲಿಲ್ಲ. 1947ರ ಜನವರಿಯಲ್ಲಿ ಆತ ತೀರಿಕೊಂಡ. ಅದೇ ಏಪ್ರಿಲ್‌ನಲ್ಲಿ ಇನ್ನೊಬ್ಬ ಕರಿಯ ಆಟಗಾರ ಜಾಕಿ ರಾಬಿನ್ಸನ್‌ಗೆ ಆ ಬಾಗಿಲು ತೆರೆಯಿತು. ಆದರೆ 2024ರಲ್ಲಿ ದೊಡ್ಡ ಲೀಗ್‌ನವರು ಕರಿಯರ ಲೀಗ್‌ಗಳ ಅಂಕಿಗಳನ್ನು ಅಧಿಕೃತ ದಾಖಲೆಗೆ ಸೇರಿಸಿದರು. ಗಿಬ್ಸನ್ ಸಾರ್ವಕಾಲಿಕ ಬ್ಯಾಟಿಂಗ್ ಸರಾಸರಿಯಲ್ಲಿ ಟೈ ಕಾಬ್‌ನನ್ನೂ ಹಿಂದಿಕ್ಕಿ ಮೊದಲಿಗನಾದ. ಅವರಿಗೆ ಆದದ್ದು ನಮಗೇಕೆ ಆಗದು?

ಆಗದು, ಏಕೆಂದರೆ ನಮ್ಮಲ್ಲಿ ಆ ಕುಡಿಕೆ ಇನ್ನೂ ಒಡೆದಿಲ್ಲ. 2022ರಲ್ಲಿ ನಮ್ಮದೇ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ದಲಿತ ಹುಡುಗ ದೇವರ ಕೋಲು ಮುಟ್ಟಿದನೆಂದು ಆ ಮನೆಗೆ 60,000 ರೂಪಾಯಿ ದಂಡ ಹಾಕಿದರು. ಮುಟ್ಟಿದ್ದಕ್ಕೆ ದಂಡ ಹಾಕುವ ಸಮಾಜವೇ ಹೊರಗಿಟ್ಟವರ ಬಳಿ ದಾಖಲೆ ಕೇಳುತ್ತದೆ. ಕೇಳುವ ಹಕ್ಕು ಅದಕ್ಕಿಲ್ಲ.

ಅಡಿಟಿಪ್ಪಣಿಯ ಗೌರವ ಬಾಲೂಗೆ ಬೇಡ. ಮೊದಲು ಅವರ ಹೆಸರು ಬರೆಯಿರಿ. ಎರಡನೆಯವರು ಯಾರೆಂದು ಆಮೇಲೆ ಜಗಳವಾಡೋಣ.