ಹತ್ತಿಯ ಬೀಜವೂ ಸರಕಾರದ ಧೋರಣೆಯೂ

1972ರಲ್ಲಿ ಧಾರವಾಡದ ಸಂಶೋಧನ ಕ್ಷೇತ್ರದಿಂದ ಡಾ. ಬಿ. ಎಚ್. ಕಟರಕಿಯವರು ವರಲಕ್ಷ್ಮಿ ಹತ್ತಿಯನ್ನು ದೇಶಕ್ಕಿತ್ತರು. ಎರಡು ಭಿನ್ನ ಜಾತಿಗಳನ್ನು ಕೂಡಿಸಿ ಒಕ್ಕಲಿಗರ ಹೊಲಕ್ಕೆ ತಂದ ಮೊದಲ ಸಂಕರ ಹತ್ತಿಯದು. ಉದ್ದೆಳೆಯ ಹತ್ತಿಗಾಗಿ ಪರದೇಶದ ಬಾಗಿಲು ಕಾಯುತ್ತಿದ್ದ ರಾಷ್ಟ್ರಕ್ಕೆ ನಮ್ಮ ನೆಲವು ಮಾಡಿದ ಆ ಉಪಕಾರವನ್ನು ಕನ್ನಡಿಗರು ಅಭಿಮಾನದಿಂದ ನೆನೆಯುವುದು ಯುಕ್ತವೇ ಸರಿ.

ಆದರೆ ಸಂಕರ ಬೀಜವನ್ನು ಒಕ್ಕಲಿಗನು ಕಾದಿಟ್ಟು ಮರುವರ್ಷ ಬಿತ್ತಿದರೆ ಅದೇ ಫಲ ಬಾರದು, ವರ್ಷವರ್ಷವೂ ಕೊಳ್ಳಲೇಬೇಕು. ಮೊಗ್ಗುಮೊಗ್ಗನ್ನೂ ಕೈಯಿಂದ ಬಿಡಿಸಿ ಪರಾಗವಿಡುವ ಬೀಜದ ಕೆಲಸಕ್ಕೆ ಎಷ್ಟು ಕೈಗಳು ಬೇಕು! ಅವುಗಳಲ್ಲಿ ಮಕ್ಕಳ ಕೈಗಳೂ ಇದ್ದವೆಂಬುದು ನಾಚಿಕೆಯ ಮಾತು. ಬೀಜವನ್ನು ಯಾರು ಮಾಡಬೇಕು, ಯಾವ ಬೆಲೆಗೆ ಮಾರಬೇಕು, ಮಳೆಯನ್ನೇ ನಂಬಿದ ಎರೆಭೂಮಿಗೆ ಅದು ಹೊಂದೀತೇ ಎಂಬ ಪ್ರಶ್ನೆಗಳಿಗೆ ಸಸ್ಯಶಾಸ್ತ್ರಜ್ಞನೊಬ್ಬನೇ ಉತ್ತರ ಹೇಳಲಾರನು.

2002ರಲ್ಲಿ ಕಾಯಿಕೊರಕವನ್ನು ತಡೆಯುವ ಬಿಟಿ ಹತ್ತಿಗೆ ಅನುಮತಿ ದೊರೆತಾಗ ಅದೂ ಕಂಪನಿಗಳ ಸಂಕರ ಬೀಜವಾಗಿಯೇ ಬಂದಿತು. ನಾಗಪುರದ ಹತ್ತಿ ಸಂಶೋಧನ ಸಂಸ್ಥೆಯೂ ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಕೂಡಿ, ಒಕ್ಕಲಿಗನು ತಾನೇ ಉಳಿಸಿಕೊಳ್ಳಬಹುದಾದ ಬಿಟಿ ತಳಿಯೊಂದನ್ನು ಸಿದ್ಧಪಡಿಸಿ 2009ರಲ್ಲಿ ಬಿತ್ತನೆಗೆ ಕೊಟ್ಟವು. ಅದರಲ್ಲಿ ಕಂಪನಿಯ ಜೀನು ಬೆರೆತುದು ಕಂಡುಬಂದು ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. ಉದ್ದೇಶವು ಸಾಧುವಾಗಿತ್ತು, ಪರೀಕ್ಷೆಯ ಏರ್ಪಾಡು ಸಾಲದಾಯಿತು.

ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯವಲ್ಲದೆ ಅರ್ಥ-ಸಮಾಜಗಳನ್ನು ಅಭ್ಯಸಿಸುವ ಬಹುಶಿಸ್ತೀಯ ಅಭಿವೃದ್ಧಿ ಸಂಶೋಧನ ಕೇಂದ್ರವಿದೆ. 2016ರಿಂದ ಐಐಟಿಯೂ ಇದೆ. ಬೀಜವು ಹೊಲಕ್ಕಿಳಿಯುವ ಮೊದಲೇ ಅದರ ಬೆಲೆ, ಒಡೆತನ, ಕೂಲಿಗಳ ಶೋಧನೆಯನ್ನು ಇವು ಕೂಡಿ ನಡೆಸುವಂತೆ ಸರಕಾರವು ದ್ರವ್ಯವನ್ನೊದಗಿಸಿ, ವರದಿಯನ್ನು ಕನ್ನಡದಲ್ಲಿಯೇ ಪ್ರಕಟಿಸಬೇಕೆಂದು ನಾವು ಆಗ್ರಹಪಡಿಸುತ್ತೇವೆ.