ಕಣ್ಣಾರೆ ಕಂಡವನ ಸಾಕ್ಷಿ

"ಹನ್ನೆರಡು ಜನರನ್ನೂ ಬಿಟ್ಟುಬಿಟ್ರಂತಲ್ಲ ಮಾರಾಯ್ರೆ! ಟ್ಯಾಕ್ಸಿಯವನು ಕಣ್ಣಾರೆ ಕಂಡಿದ್ದೇನೆ ಅಂದ ಮೇಲೂ?"

2025ರ ಜುಲೈ 21ರ ಸಂಜೆ ನಮ್ಮ ಸೊಸೈಟಿಯ ಗೇಟಿನಲ್ಲಿ ಶೆಟ್ಟರು ಕೇಳಿದ ಪ್ರಶ್ನೆ ಇದು. ಅವತ್ತು ಬಾಂಬೆ ಹೈಕೋರ್ಟು ಲೋಕಲ್ ರೈಲು ಸ್ಫೋಟದ ತೀರ್ಪು ಕೊಟ್ಟಿತ್ತು. ನಾನು ಸುಮ್ಮನಿದ್ದೆ. ಗೇಟಿನಲ್ಲಿ ಹಾಲಿನ ಪ್ಯಾಕೆಟ್ ಹಿಡಿದುಕೊಂಡು ಹೇಳುವ ವಿಷಯವಲ್ಲ. ಇಲ್ಲಿ ಹೇಳುತ್ತೇನೆ, ಶೆಟ್ಟರು ಓದೇ ಓದುತ್ತಾರೆ.

ನಾನೂ ವೆಸ್ಟರ್ನ್ ಲೈನಿನವನೇ. 2006ರ ಜುಲೈ 11ರ ಸಂಜೆ ಏಳು ಫಸ್ಟ್ ಕ್ಲಾಸ್ ಡಬ್ಬಿಗಳು ಸಿಡಿದು 189 ಜನ ಸತ್ತಾಗ ನಮ್ಮೆಲ್ಲರಿಗೂ ಬಂದ ಸಿಟ್ಟು ನನಗೂ ಬಂದಿತ್ತು. ಆದರೆ ಸಿಟ್ಟಿಗೆ ಒಂದು ಮುಖ ಬೇಕಾಗುತ್ತದೆ ನೋಡಿ, ಎಡವಟ್ಟು ಅಲ್ಲೇ ಶುರುವಾಗುವುದು.

ಆ ಟ್ಯಾಕ್ಸಿ ಚಾಲಕರು ಬಾಯಿಬಿಟ್ಟದ್ದು ಸ್ಫೋಟವಾಗಿ ನೂರಕ್ಕೂ ಹೆಚ್ಚು ದಿನವಾದ ಮೇಲೆ. ದಿನಕ್ಕೆ ಎಷ್ಟೋ ಗಿರಾಕಿಗಳನ್ನು ಕೂರಿಸಿಕೊಳ್ಳುವವನಿಗೆ ಹಿಂದಿನ ಸೀಟಿನವನ ಮುಖ ಅಷ್ಟು ದಿನ ನೆನಪಿರಲು ಏನು ಕಾರಣ ಎಂದು ಹೈಕೋರ್ಟು ಕೇಳಿತು. ತಪ್ಪೇನಿದೆ? ಗುರುತು ಪರೇಡ್ ನಡೆಸಿದ ವಿಶೇಷ ಕಾರ್ಯನಿರ್ವಾಹಕ ಅಧಿಕಾರಿಗೆ ಆಗ ಅದನ್ನು ನಡೆಸುವ ಅಧಿಕಾರವೇ ಇರಲಿಲ್ಲ ಎಂದೂ ಹೇಳಿತು. ಮೂರೇ ದಿನಕ್ಕೆ ಸುಪ್ರೀಂ ಕೋರ್ಟು ಈ ತೀರ್ಪನ್ನು ಬೇರೆ ಕೇಸುಗಳಿಗೆ ಆಧಾರವಾಗಿ ಬಳಸಬಾರದೆಂದು ತಡೆ ಕೊಟ್ಟಿತು, ನಿಜ. ಆದರೆ ಬಿಡುಗಡೆಯಾದವರನ್ನು ಮತ್ತೆ ಒಳಗೆ ಕಳಿಸಲಿಲ್ಲ.

ಈಗ ನನ್ನ ಕತೆ. 1996ರಲ್ಲಿ ನಾನು ಕ್ಯಾಶ್ ಕೌಂಟರಿನ ಗುಮಾಸ್ತ. ಒಂದು ಮಧ್ಯಾಹ್ನ ಬ್ರಾಂಚಿನ ಬಾಗಿಲಲ್ಲೇ ಗಿರಾಕಿಯೊಬ್ಬರ ಹಣದ ಚೀಲ ಕಸಿದುಕೊಂಡು ಒಬ್ಬ ಓಡಿದ. ನಾನು ಕಂಡದ್ದು ನಾಲ್ಕೈದು ಸೆಕೆಂಡು. "ದಪ್ಪ ಮೀಸೆ" ಎಂದು ಪೊಲೀಸರಿಗೆ ಹೇಳಿದೆ. ಮೂರು ತಿಂಗಳ ಮೇಲೆ ಜೈಲಿಗೆ ಕರೆಸಿದರು. ಏಳು ಜನ ಸಾಲಾಗಿ ನಿಂತಿದ್ದರು. ಆರು ಜನ ಆರಾಮಾಗಿದ್ದರು, ಒಬ್ಬನ ಕಾಲು ನಡುಗುತ್ತಿತ್ತು. ಅವನಿಗೆ ದಪ್ಪ ಮೀಸೆ. ಹೋಗಿ ಹೆಗಲು ಮುಟ್ಟಿದೆ.

ಹೊರಗೆ ಬಂದಾಗ ಹವಾಲ್ದಾರರೊಬ್ಬರು "ಬರೋಬರ್ ಓಳಖಲತ್ ಸಾಹೇಬ್" ಎಂದು ಚಹಾ ಕೊಡಿಸಿದರು. ಆ ಚಹಾ ಕುಡಿಯುವವರೆಗೆ ನನಗೆ ಅರೆಮನಸ್ಸು. ಕುಡಿದ ಮೇಲೆ ಪೂರ್ತಿ ಖಾತ್ರಿ!

ಎರಡು ವರ್ಷದ ಮೇಲೆ ಕೋರ್ಟಿನಲ್ಲಿ ವಕೀಲರು ಕೇಳಿದ್ದು ಒಂದೇ: "ಉಳಿದ ಆರು ಜನರಲ್ಲಿ ಎಷ್ಟು ಜನಕ್ಕೆ ಮೀಸೆ ಇತ್ತು?" ನನಗೆ ನೆನಪಾಗಲಿಲ್ಲ. ಯಾರಿಗೂ ಇದ್ದಂತಿರಲಿಲ್ಲ. ಅವನು ಖುಲಾಸೆಯಾದ. ಜಾಮೀನು ನಿಲ್ಲುವವರಿಲ್ಲದೆ ಅಷ್ಟೂ ದಿನ ಒಳಗಿದ್ದ. ಕಳ್ಳ ಅವನೇನಾ? ಇವತ್ತಿಗೂ ನನಗೆ ಗೊತ್ತಿಲ್ಲ. ನಾನು ಸುಳ್ಳು ಹೇಳಿರಲಿಲ್ಲ ಎಂಬುದಷ್ಟೇ ಗೊತ್ತು. ಹೆದರಿಕೆಯಾಗುವುದೂ ಅದಕ್ಕೇ.

ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ 1984ರಲ್ಲಿ ಜೆನಿಫರ್ ಥಾಂಪ್ಸನ್ ಎಂಬ ವಿದ್ಯಾರ್ಥಿನಿಯ ಮೇಲೆ ಅತ್ಯಾಚಾರವಾಯಿತು. ಬದುಕಿದರೆ ಹಿಡಿಸಿಯೇ ತೀರುತ್ತೇನೆಂದು ಆಕೆ ಅವನ ಮುಖವನ್ನು ಬೇಕೆಂದೇ ನೆಟ್ಟು ನೋಡಿ ನೆನಪಿಟ್ಟುಕೊಂಡಳು. ಫೋಟೋಗಳಲ್ಲಿ ರೊನಾಲ್ಡ್ ಕಾಟನ್ ಎಂಬವನನ್ನು ಗುರುತಿಸಿದಳು, ಆಮೇಲೆ ಸಾಲಿನಲ್ಲೂ ಅವನನ್ನೇ. ಎರಡರಲ್ಲೂ ಇದ್ದವನು ಅವನೊಬ್ಬನೇ! ನಿಜವಾದ ಅಪರಾಧಿ ಬಾಬಿ ಪೂಲ್‌ನನ್ನು ಮುಂದೆ ಕೋರ್ಟಿನಲ್ಲಿ ತಂದು ನಿಲ್ಲಿಸಿದಾಗ "ಇವನನ್ನು ನೋಡಿಯೇ ಇಲ್ಲ" ಎಂದಳು. 1995ರಲ್ಲಿ ಡಿಎನ್‌ಎ ಪರೀಕ್ಷೆ ಸತ್ಯ ಹೇಳುವಷ್ಟರಲ್ಲಿ ಕಾಟನ್ ಹತ್ತು ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿ ಕಳೆದಿದ್ದ. ಅಷ್ಟು ಗಮನವಿಟ್ಟು ನೋಡಿದವಳದೇ ಹೀಗಾದರೆ ನನ್ನ ನಾಲ್ಕು ಸೆಕೆಂಡಿನ ಬೆಲೆ ಎಷ್ಟು?

ನಮ್ಮಲ್ಲಿ ನಿಯಮ ಇಲ್ಲವೇ ಅಂದರೆ, ಇದೆ. ಬಾಂಬೆ ಹೈಕೋರ್ಟಿನ ಕ್ರಿಮಿನಲ್ ಮ್ಯಾನ್ಯುಯಲ್ ಪ್ರಕಾರ ಒಬ್ಬ ಆರೋಪಿಯ ಜೊತೆ ಆರಾದರೂ ಜನ ನಿಲ್ಲಬೇಕು, ಒಂದು ಪರೇಡಿನಲ್ಲಿ ಇಬ್ಬರಿಗಿಂತ ಹೆಚ್ಚು ಆರೋಪಿಗಳು ಇರಕೂಡದು. ಪರೇಡು ಸ್ವತಂತ್ರ ಪುರಾವೆಯಲ್ಲ, ಕೋರ್ಟಿನಲ್ಲಿ ಗುರುತಿಸುವುದೇ ಪುರಾವೆ ಎಂದು ಸುಪ್ರೀಂ ಕೋರ್ಟು ಮತ್ತೆ ಮತ್ತೆ ಹೇಳಿದೆ. ಇದು ನನಗೆ ಇನ್ನೂ ತಮಾಷೆಯಾಗಿ ಕಾಣುತ್ತದೆ. ವರ್ಷಗಳ ಮೇಲೆ, ಕಟಕಟೆಯಲ್ಲಿ ಒಬ್ಬನನ್ನೇ ನಿಲ್ಲಿಸಿ "ಇವನೇನಾ?" ಎಂದು ಕೇಳಿದರೆ ಯಾರು ಇಲ್ಲ ಅಂದಾರು?

ಬ್ಯಾಂಕಿನಲ್ಲಿ ಚೆಕ್ಕಿನ ಸಹಿ ನೋಡಿ "ಇವರದೇ, ನನಗೆ ನೆನಪಿದೆ" ಎಂದು ಪಾಸು ಮಾಡಿದರೆ ಮರುದಿನವೇ ಮೆಮೊ ಬರುತ್ತದೆ. ಸ್ಪೆಸಿಮೆನ್ ತೆಗೆದು ಪಕ್ಕದಲ್ಲಿಟ್ಟು ನೋಡಬೇಕು. ಐದು ಸಾವಿರ ರೂಪಾಯಿಗೆ ಇಷ್ಟು ಶಿಸ್ತು, ಮನುಷ್ಯನ ಆಯುಷ್ಯಕ್ಕೆ ಬರೀ ನೆನಪು ಸಾಕೇ?

ನಾನು ಕೇಳುವುದು ದೊಡ್ಡದೇನಲ್ಲ. ಪರೇಡು ನಡೆಸುವವನಿಗೆ ಆರೋಪಿ ಯಾರೆಂದೇ ಗೊತ್ತಿರಬಾರದು. ಅಪರಾಧಿ ಸಾಲಿನಲ್ಲಿ ಇಲ್ಲದೆಯೂ ಇರಬಹುದು ಎಂದು ಸಾಕ್ಷಿಗೆ ಮೊದಲೇ ಹೇಳಬೇಕು. ಎಷ್ಟು ಖಾತ್ರಿ ಎಂಬುದನ್ನು ಅಲ್ಲೇ, ಚಹಾಕ್ಕೆ ಮೊದಲೇ ಬರೆಸಿಕೊಳ್ಳಬೇಕು. ಎಲ್ಲವನ್ನೂ ವಿಡಿಯೋ ಮಾಡಬೇಕು. ಈಗಿನ ಕಾನೂನು ವಿಡಿಯೋ ಕಡ್ಡಾಯ ಮಾಡಿರುವುದು ಸಾಕ್ಷಿ ಅಂಗವಿಕಲನಾಗಿದ್ದರೆ ಮಾತ್ರ. ಉಳಿದವರ ಕಣ್ಣು ಅಷ್ಟೊಂದು ನೆಟ್ಟಗಿದೆ ಎಂದು ಯಾರು ಹೇಳಿದರೋ! ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಅಜ್ಜಿಯಂದಿರೇ ಹೇಳುತ್ತಿದ್ದರು.

ಸ್ಫೋಟ ಮಾಡಿದವರು ಯಾರು ಹಾಗಾದರೆ ಎಂದು ಶೆಟ್ಟರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಅದನ್ನು ಕೇಳಬೇಕಾದ್ದು ತನಿಖೆ ಮಾಡಿದವರನ್ನು, ತೀರ್ಪು ಕೊಟ್ಟವರನ್ನಲ್ಲ.

ಅಂದಹಾಗೆ ಶೆಟ್ಟರೇ, ನಮ್ಮ ಹಳೇ ವಾಚ್‌ಮನ್ ಬಿಟ್ಟುಹೋಗಿ ಮೂರು ತಿಂಗಳಾಯಿತು. ದಿನಾ ಎರಡು ಸಲ ನಿಮಗೆ ಸಲಾಂ ಹೊಡೆಯುತ್ತಿದ್ದ. ಅವನಿಗೆ ಮೀಸೆ ಇತ್ತೋ ಇಲ್ಲವೋ? ನಾಳೆ ಗೇಟಿನಲ್ಲಿ ಸಿಕ್ಕಾಗ ಹೇಳಿ.